ಎರಡನೆಯ ಫೋಟೋ

ಕೃಷ್ಣೋಜಿ ಮಾಸ್ತರರ ಸ್ಟುಡಿಯೋ ನದಿಯ ದಡದಲ್ಲಿತ್ತು. ಮುಂದೊಂದು ಕೋಣೆ, ಹಿಂದೊಂದು ಕತ್ತಲೆ ಕೋಣೆ. ನಡುವೆ ಕಪ್ಪು ಪರದೆ.

ನಲವತ್ತು ವರ್ಷಗಳಿಂದ ಅವರು ಒಂದೇ ವಯಸ್ಸಿನವರ ಫೋಟೋ ತೆಗೆಯುತ್ತಿದ್ದರು. ಹದಿನಾಲ್ಕು ತುಂಬಿದವರು, ಇಪ್ಪತ್ತು ಮುಟ್ಟದವರು. ಮದುವೆಗೆ ಕರೆದರೆ ಹೋಗುತ್ತಿರಲಿಲ್ಲ. ನಾಮಕರಣಕ್ಕೂ ಇಲ್ಲ. ಊರಿಗೆ ಮಂತ್ರಿ ಬಂದರೂ ಇಲ್ಲ.

ಪರೀಕ್ಷೆಯ ಅರ್ಜಿ ತುಂಬುವ ಕಾಲಕ್ಕೆ ಹೈಸ್ಕೂಲಿನ ಮಕ್ಕಳು, ಕಾಲೇಜಿನ ಮಕ್ಕಳು ಹಾಲ್ ಟಿಕೆಟ್ಟಿನ ಫೋಟೋ ತೆಗೆಸಲು ಅಲ್ಲಿಗೇ ಬರುತ್ತಿದ್ದರು. ತಲೆಗೆ ಎಣ್ಣೆ, ಬೆನ್ನು ನೆಟ್ಟಗೆ, ಕಣ್ಣಲ್ಲಿ ಹೆದರಿಕೆ.

"ಮಾಸ್ತರೇ, ನನ್ನ ಮೂಗು ಸ್ವಲ್ಪ ಸಣ್ಣ ಮಾಡ್ರಿ."

"ಸಣ್ಣ ಮಾಡಿದರೆ ಪರೀಕ್ಷೆ ಕೋಣೆಯೊಳಗೆ ಬಿಡೋದಿಲ್ಲ. ಸುಮ್ಮನೆ ಕೂತುಕೋ."

ಒಂದು ಕ್ಲಿಕ್. ಆಮೇಲೆ ಮಾಸ್ತರರು ಆ ಕ್ಯಾಮೆರಾ ಬದಿಗಿಟ್ಟು, ಗೂಡಿನಿಂದ ಹಳೆಯ ಫಿಲಂ ಕ್ಯಾಮೆರಾ ತೆಗೆಯುತ್ತಿದ್ದರು.

"ಅದು ಸರ್ಕಾರಕ್ಕಾಯಿತು. ಈಗ ನಿನಗೊಂದು. ಹೇಗೆ ಬೇಕೋ ಹಾಗೆ ಇರು."

ಮಕ್ಕಳು ಮೊದಲು ನಗುತ್ತಿದ್ದರು. ಆಮೇಲೆ ಯೋಚಿಸುತ್ತಿದ್ದರು. ಒಬ್ಬಳು ಜಡೆ ಬಿಚ್ಚಿ ಕೂದಲು ಹರಡಿಕೊಂಡು ಕೂತಳು. ಒಬ್ಬ ಬೆನ್ನು ತಿರುಗಿಸಿ ನಿಂತ. ಒಬ್ಬ, ಎಲ್ಲರಿಗಿಂತ ಹೆಚ್ಚು ತರಲೆ ಮಾಡುವವನು, ಕುರ್ಚಿಯಲ್ಲಿ ಕೂತು ಇದ್ದಕ್ಕಿದ್ದಂತೆ ಅತ್ತುಬಿಟ್ಟ. ಮಾಸ್ತರರು ಯಾಕೆಂದು ಕೇಳಲಿಲ್ಲ. ತೆಗೆದರು.

ಆ ಎರಡನೆಯ ಫೋಟೋಕ್ಕೆ ಒಂದು ಕಟ್ಟಳೆಯಿತ್ತು.

ಒಂದೇ ಪ್ರತಿ. ಅದು ಆ ಮಗುವಿನ ಕೈಗೆ. ನೆಗೆಟಿವ್ ಲಕೋಟೆಯೊಳಗೆ, ಲಕೋಟೆ ತಗಡಿನ ಪೆಟ್ಟಿಗೆಯೊಳಗೆ. ಅಪ್ಪ ಕೇಳಿದರೂ ತೋರಿಸುವುದಿಲ್ಲ, ಹೆಡ್ ಮಾಸ್ತರರು ಕೇಳಿದರೂ ತೋರಿಸುವುದಿಲ್ಲ. ಏಳು ವರ್ಷ ಕಳೆದ ಮೇಲೆ, ದೊಡ್ಡದಾದ ಆ ಮಗುವೇ ಬಂದು 'ನಾಲ್ಕು ಜನ ನೋಡಲಿ' ಎಂದರೆ ಮಾತ್ರ ಹೊರಗೆ.

ಬಂದವರು ಕಡಿಮೆ. ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಬೆಳೆದವು.

ಇಂದುಧರ ಈ ಮಾಸ್ತರರ ಶಿಷ್ಯ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಇಪ್ಪತ್ತೊಂದನೆಯ ವಯಸ್ಸಿಗೆ ಬಂದವನು. ಮೊದಲ ವರ್ಷ ಲಕೋಟೆಗಳ ಮೇಲೆ ಹೆಸರು, ತಾರೀಖು ಬರೆದ. ಎರಡನೆಯ ವರ್ಷ ಫಿಲಂ ತೊಳೆಯುವ ದ್ರಾವಣ ಬೆರೆಸಿದ. ಮೂರನೆಯ ವರ್ಷ ಕತ್ತಲೆ ಕೋಣೆಯಲ್ಲಿ ನಿಲ್ಲಲು ಅಪ್ಪಣೆ ಸಿಕ್ಕಿತು.

ಆಗ ಒಮ್ಮೆ ಕೇಳಿದ.

"ಏಳೇ ವರ್ಷ ಯಾಕೆ ಮಾಸ್ತರೇ? ಆರು ಯಾಕಲ್ಲ?"

"ಹಾಲು ಹೆಪ್ಪಾಗೋಕೆ ಎಷ್ಟು ಹೊತ್ತು ಬೇಕು?"

"ಅದು ಉಷ್ಣತೆಯ ಮೇಲಿದೆ. ಬೇಸಿಗೆಯಲ್ಲಿ ಐದು ತಾಸು. ಚಳಿಗಾಲದಲ್ಲಿ ಹತ್ತು."

"ಗಳಿಗೆಗೊಂದು ಸಲ ಪಾತ್ರೆ ಅಲ್ಲಾಡಿಸಿ ನೋಡುವವನ ಮನೆಯಲ್ಲಿ?"

ಇಂದುಧರ ನಕ್ಕ. "ಅಲ್ಲಿ ಸರಿಯಾಗಿ ಹೆಪ್ಪಾಗೋದೇ ಇಲ್ಲ."

"ಓದಿದವನಲ್ಲವೇ. ಹೋಗು, ಲಕೋಟೆ ಅಂಟಿಸು."

ಅವನು ಅಂಟಿಸಿದ. ಆದರೆ ಮನಸ್ಸಿನಲ್ಲೊಂದು ನೋವಿತ್ತು. ಮಾಸ್ತರರು ತೆಗೆದಂಥ ಫೋಟೋಗಳನ್ನು ಅವನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ನಲವತ್ತು ವರ್ಷದ ಕೆಲಸ ತಗಡಿನೊಳಗಿತ್ತು. ಕೃಷ್ಣೋಜಿ ಎಂಬ ಹೆಸರು ಪಕ್ಕದ ಊರಿನವರಿಗೂ ಗೊತ್ತಿರಲಿಲ್ಲ.

ಆರನೆಯ ವರ್ಷ ಮಾಸ್ತರರು ಹಳೆಯ ಕ್ಯಾಮೆರಾವನ್ನು ಅವನ ಕೊರಳಿಗೆ ಹಾಕಿದರು.

"ಇನ್ನು ಎರಡನೆಯ ಫೋಟೋ ನೀನು ತೆಗೆ. ನನಗೆ ಕೈ ನಡುಗುತ್ತೆ."

ಆ ಡಿಸೆಂಬರಿನಲ್ಲಿ ಕಸ್ತೂರಿ ಬಂದಳು.

ಹದಿನೇಳು ವರ್ಷದ ಹುಡುಗಿ, ಪಿಯುಸಿ ಎರಡನೆಯ ವರ್ಷ. ಹರಿಗೋಲು ನಡೆಸುವ ದುರುಗಪ್ಪನ ಒಬ್ಬಳೇ ಮಗಳು. ಕೂಗಿ ಮಾತಾಡುವವಳು, ಕುಣಿದು ನಡೆಯುವವಳು. ಕಾಲೇಜು ಮುಗಿದ ಮೇಲೆ ವ್ಯಾಯಾಮ ಶಿಕ್ಷಕಿಯಾಗುತ್ತೇನೆ, ಊರಿನ ಹುಡುಗಿಯರಿಗೆಲ್ಲ ಈಜು ಕಲಿಸುತ್ತೇನೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಳು.

ಸರ್ಕಾರದ ಫೋಟೋ ಮುಗಿಯಿತು.

"ಈಗ ನಿನಗೊಂದು," ಎಂದ ಇಂದುಧರ.

"ಇಲ್ಲಿ ಬ್ಯಾಡ ಇಂದಣ್ಣಾ. ಮಂಟಪದ ಹತ್ರ ಬನ್ನಿ. ನಾನು ನೀರಿಗೆ ಹಾರುವಾಗ ತೆಗೀರಿ."

"ಒಂದೇ ಸಲ ತೆಗೆಯೋದು. ತಪ್ಪಿದರೆ ಇನ್ನೊಂದಿಲ್ಲ."

"ನಾನು ತಪ್ಪಲ್ಲ. ನೀವು ತಪ್ಪಬ್ಯಾಡ್ರಿ."

ನದಿಯೊಳಗೆ ಅರ್ಧ ಮುಳುಗಿದ ಕಲ್ಲಿನ ಮಂಟಪ. ಅದರ ತಲೆಯ ಮೇಲೆ ಅವಳು ಹತ್ತಿದಳು. ಮೈಮೇಲೆ ಅಪ್ಪನ ಹಳೆಯ ಅಂಗಿ, ಕಾಲೇಜಿನ ಆಟದ ಪ್ಯಾಂಟು. ಇಂದುಧರ ಕೆಳಗೆ ಮೆಟ್ಟಿಲಿನ ಮೇಲೆ ನಿಂತು ಕಾದ.

ಅವಳು ಕೂಗುತ್ತ ಹಾರಿದಳು. ಅವನು ಒತ್ತಿದ.

ಕತ್ತಲೆ ಕೋಣೆಯ ಕೆಂಪು ಬೆಳಕಿನಲ್ಲಿ ಆ ಚಿತ್ರ ಕಾಗದದ ಮೇಲೆ ಮೂಡಿತು. ಎರಡೂ ಕೈ ಅಗಲಕ್ಕೆ ಚಾಚಿದ್ದವು. ಬಾಯಿ ತೆರೆದಿತ್ತು. ಕೆಳಗೆ ನದಿ ಇರಲಿಲ್ಲ, ಮೇಲೆ ಮಂಟಪ ಇರಲಿಲ್ಲ. ಬರೀ ಆಕಾಶ, ಬರೀ ಅವಳು.

ಮರುದಿನ ಕಸ್ತೂರಿ ಬಂದು ನೋಡಿದಳು.

"ಅಯ್ಯೋ! ಇದು ನಾನಾ? ಕೊಕ್ಕರೆ ಇದ್ದಂಗೆ ಇದ್ದೀನಿ!"

"ಕಸ್ತೂರಿ, ಇದನ್ನ ಬೇರೆಯವರಿಗೆ ತೋರಿಸಲಾ?"

"ತೋರಿಸ್ರಿ! ಊರಿಗೆಲ್ಲಾ ತೋರಿಸ್ರಿ. ನಮ್ಮ ಮ್ಯಾಥ್ಸ್ ಸರ್‌ಗೆ ಮೊದಲು ತೋರಿಸ್ರಿ, ಹುಡುಗೀರು ಹೆದರ್ತಾರೆ ಅಂತಾರೆ ಅವರು."

ಲಕೋಟೆಯ ಮೇಲೆ ಅವನು ಅವಳ ಹೆಸರು ಬರೆದ, ತಾರೀಖು ಬರೆದ. ಪೆಟ್ಟಿಗೆಯಲ್ಲಿಡುವ ಮೊದಲು ಇನ್ನೊಂದು ಪ್ರತಿ ತೆಗೆದ.

ರಾಜಧಾನಿಯಲ್ಲಿ ಒಂದು ಸ್ಪರ್ಧೆಯಿತ್ತು. ಹರೆಯದ ಮಕ್ಕಳ ಬದುಕನ್ನು ತೆಗೆದ ಫೋಟೋಗಳಿಗೆ. ಗೆದ್ದವರ ಚಿತ್ರಗಳದ್ದೇ ಒಂದು ಪುಸ್ತಕ ಮಾಡುತ್ತಿದ್ದರು. ಅವನು ಕಸ್ತೂರಿಯ ಫೋಟೋ ಕಳಿಸಿದ. ಜೊತೆಯ ಕಾಗದದಲ್ಲಿ ತನ್ನ ಹೆಸರಿನ ಕೆಳಗೆ 'ಕೃಷ್ಣೋಜಿ ಮಾಸ್ತರರ ಶಿಷ್ಯ' ಎಂದು ಬರೆದ.

ಮಾಸ್ತರರಿಗೆ ಹೇಳಲಿಲ್ಲ. ಗೆದ್ದ ಮೇಲೆ ಹೇಳಿದರಾಯಿತು ಎಂದುಕೊಂಡ.

ಗೆದ್ದ.

ಜನವರಿಯ ಒಂದು ಭಾನುವಾರ ಪತ್ರಿಕೆಯ ಪುರವಣಿಯಲ್ಲಿ ಅರ್ಧ ಪುಟದಷ್ಟು ದೊಡ್ಡದಾಗಿ ಕಸ್ತೂರಿ ಹಾರುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ: 'ಹಾರುವ ಹುಡುಗಿ.' ಅದರ ಕೆಳಗೆ ಊರಿನ ಹೆಸರು.

ಇಂದುಧರ ಪತ್ರಿಕೆಯನ್ನು ಮಾಸ್ತರರ ಮುಂದೆ ಹರಡಿದ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗಿ ತೆಗೆದಿದ್ದೀಯ."

ಆರು ವರ್ಷದಲ್ಲಿ ಅವರು ಆ ಮಾತು ಹೇಳಿದ್ದು ಅದೇ ಮೊದಲು.

"ನಿಮ್ಮ ಹೆಸರೂ ಹಾಕಿದ್ದಾರೆ ಮಾಸ್ತರೇ. ಇಲ್ಲಿ ನೋಡಿ. ಪುಸ್ತಕದ ಹೊದಿಕೆಗೂ ಇದೇ ಚಿತ್ರವಂತೆ."

"ಲಕೋಟೆಯ ಮೇಲೆ ಯಾವ ತಾರೀಖು ಬರೆದಿದ್ದೀಯ?"

ಇಂದುಧರ ತಲೆ ತಗ್ಗಿಸಿದ. "ಹೋದ ತಿಂಗಳದ್ದು."

ಮಾಸ್ತರರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಕೈಗೆ ಕೊಟ್ಟರು.

ಬೈದಿದ್ದರೆ ಅವನು ಉತ್ತರ ಕೊಡುತ್ತಿದ್ದ. ಉತ್ತರ ಸಿದ್ಧವಿತ್ತು.

ಎರಡು ವಾರ ಕಳೆಯಿತು. ಹೈಸ್ಕೂಲಿನ ಇಬ್ಬರು ಹುಡುಗರು ಫೋಟೋ ತೆಗೆಸಲು ಬಂದರು. ಸರ್ಕಾರದ್ದು ಮುಗಿದ ಕೂಡಲೇ ಒಬ್ಬ ಕುರ್ಚಿಯಿಂದ ಜಿಗಿದು ಎರಡೂ ಕೈ ಚಾಚಿ, ಬಾಯಿ ತೆರೆದು ನಿಂತ.

"ಅಣ್ಣಾ, ನನಗೂ ಹಾರೋ ಹುಡುಗಿ ಥರ ತೆಗೀರಿ!"

ಗೆಳೆಯ ಬಿದ್ದು ಬಿದ್ದು ನಕ್ಕ. ಇಂದುಧರನೂ ನಕ್ಕ. ತನ್ನ ಚಿತ್ರ ಊರಿನ ಬಾಯಲ್ಲಿದೆ ಎಂದು ಅವನಿಗೆ ಹಿಗ್ಗಾಯಿತು.

ಮಾಸ್ತರರು ಮೂಲೆಯಿಂದ ಕೇಳಿದರು, "ಯಾರಿಂದ ಕಲಿತೆ ಅದನ್ನ?"

"ಎಲ್ಲರೂ ಮಾಡ್ತಾರಲ್ಲ ಮಾಸ್ತರೇ. ಬಸ್ ಸ್ಟ್ಯಾಂಡಲ್ಲಿ, ಕಾಲೇಜು ಗೇಟಲ್ಲಿ. ಕಸ್ತೂರಿ ಅಕ್ಕ ಬಂದಳು ಅಂದ್ರೆ ಎಲ್ಲರೂ ಸಾಲಾಗಿ ನಿಂತು ಹೀಗೆ ಕೈ ಮಾಡ್ತಾರೆ. 'ಏ, ಇಲ್ಲಿಗೂ ಹಾರೇ' ಅಂತಾರೆ. ಫೋನಲ್ಲಿ ಅವಳ ಫೋಟೋಕ್ಕೆ ಏನೇನೋ ಬರೆದು ಕಳಿಸ್ತಾರೆ."

"ಏನು ಬರೀತಾರೆ?"

ಹುಡುಗ ಗೆಳೆಯನ ಮುಖ ನೋಡಿದ.

"ಈಗಲೂ ಕೈ ಮಾಡ್ತಾರಾ?" ಎಂದ ಇಂದುಧರ. ಅವನ ನಗು ನಿಂತಿತ್ತು.

"ಈಗ ಯಾರಿಗೆ ಮಾಡ್ತಾರೆ ಅಣ್ಣಾ? ಅವಳು ಕಾಲೇಜಿಗೇ ಬರ್ತಿಲ್ಲ."



"ಮಾಸ್ತರೇ, ಎರಡನೆಯ ಫೋಟೋ?" ಎಂದ ಇನ್ನೊಬ್ಬ ಹುಡುಗ ಮೆಲ್ಲಗೆ. ಅವನು ಅಲ್ಲಿಯವರೆಗೆ ಬಾಯೇ ಬಿಟ್ಟಿರಲಿಲ್ಲ. ಅಂಗಿಯ ಜೇಬಿನೊಳಗೆ ಏನನ್ನೋ ಜೋಪಾನವಾಗಿ ತಂದಿದ್ದ.

"ಇಲ್ಲಪ್ಪ."

"ನಾಳೆ ಬರಲಾ?"

"ನಾಳೆಯೂ ಇಲ್ಲ. ಇನ್ನು ತೆಗೆಯೋದಿಲ್ಲ."

ಹುಡುಗ ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತ. ಆಮೇಲೆ ಹೋದ. ಅದರೊಳಗೆ ಏನಿತ್ತೆಂದು ಯಾರಿಗೂ ತಿಳಿಯಲಿಲ್ಲ.

ಇಂದುಧರ ಮಾಸ್ತರರ ಕಾಲ ಬಳಿ ಕೂತ.

"ನನ್ನ ತಪ್ಪಿಗೆ ಆ ಮಕ್ಕಳಿಗೆ ಯಾಕೆ ಇಲ್ಲ ಅಂತೀರಿ?"

"ಇಲ್ಲಿ ತೆಗೆದದ್ದು ಇಲ್ಲೇ ಇರುತ್ತೆ ಅಂತ ನಲವತ್ತು ವರ್ಷ ಹೇಳಿದೆ. ಈಗ ಯಾವ ಬಾಯಲ್ಲಿ ಹೇಳಲಿ?"

"ಅವಳೇ ಒಪ್ಪಿದ್ದಳು ಮಾಸ್ತರೇ. ಕೇಳಿಯೇ ಕಳಿಸಿದ್ದು."

"ಯಾರಿಗೆ ಒಪ್ಪಿದಳು?"

"ನನಗೆ."

"ಹೌದು. ನಿನಗೆ. ನೀನು ಅಣ್ಣ. ನಿನ್ನ ಮುಂದೆ ಅವಳಿಗೆ ಹೆದರಿಕೆ ಇರಲಿಲ್ಲ. ಆ ಹೊತ್ತಿಗೆ ಊರು ಈ ಕೋಣೆಯಲ್ಲಿ ಇತ್ತೇ?"

ಇಂದುಧರನ ಬಳಿ ಸಿದ್ಧವಿದ್ದ ಉತ್ತರ ಇದೊಂದೇ ಆಗಿತ್ತು. ಅದೂ ಹೋಯಿತು.

ಮರುದಿನ ಅವನು ರಾಜಧಾನಿಗೆ ಹೋದ. ಮೂರನೆಯ ದಿನ ಹಿಂದಿರುಗಿದ.

"ಪ್ರಶಸ್ತಿ ವಾಪಸ್ ಕೊಟ್ಟೆ ಮಾಸ್ತರೇ. ಪುಸ್ತಕಕ್ಕೂ ಬೇಡ ಅಂದೆ. ಹೊದಿಕೆಗೆ ಬೇರೆ ಯಾರದ್ದೋ ಚಿತ್ರ ಹಾಕ್ತಾರೆ. ಇನ್ನು ಮೇಲೆ ನನ್ನನ್ನ ಕರೆಯೋದಿಲ್ಲ ಅಂದರು."

"ಅದು ನೀನು ಕಳಕೊಂಡದ್ದು. ಅವಳಿಗೆ ಏನು ಸಿಕ್ಕಿತು?"

ಅವನು ಯೋಚಿಸಿದ. "ಏನೂ ಇಲ್ಲ."

"ಹೂಂ."

"ನೆಗೆಟಿವ್ ಸುಟ್ಟುಬಿಡ್ತೀನಿ."

"ಸುಟ್ಟರೆ ಯಾರಿಗೆ ಹಗುರ?"

"...ನನಗೆ."

"ಹಾಗಾದರೆ ಬೇಡ."

"ಮತ್ತೆ ಏನು ಮಾಡಲಿ? ಹೇಳಿ! ಆರು ವರ್ಷದಿಂದ ಒಗಟು ಕೇಳಿದ್ದು ಸಾಕಾಗಿದೆ." ಅವನ ದನಿ ಏರಿತು. "ನಿಮಗೇನು, ನೀವು ಒಂದು ತಪ್ಪೂ ಮಾಡಿಲ್ಲ. ಪೆಟ್ಟಿಗೆಗೆ ಬೀಗ ಹಾಕಿ ಕೂತಿದ್ದೀರಿ. ಅದು ಸುಲಭ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಾಸ್ತರರು ಎದ್ದರು. ಗೋಡೆಯ ಬುಡದ ಪೆಟ್ಟಿಗೆ ತೆರೆದು ತಳಕ್ಕೆ ಕೈ ಹಾಕಿ ಒಂದು ಲಕೋಟೆ ತಂದರು. ಕಾಗದ ಹಳದಿಯಾಗಿತ್ತು. ಮೇಲೆ ಬರೆದಿದ್ದ ಹೆಸರು: ಶಾಂತವೀರ. ಅವರು ಅದನ್ನು ತೆರೆಯಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತರು.

"ಇವನು ಎಸ್ಸೆಸ್ಸೆಲ್ಸಿ ಫೋಟೋಕ್ಕೆ ಬಂದಿದ್ದ. ಮೀಸೆ ಮೂಡಿರಲಿಲ್ಲ. ನಿನಗೆ ಹೇಗೆ ಬೇಕೋ ಹಾಗೆ ಕೂತುಕೋ ಅಂದೆ. ಹೊರಗೆ ಹೋಗಿ ಹೂವಿನವಳ ಹತ್ತಿರ ಒಂದು ಮೊಳ ಮಲ್ಲಿಗೆ ತಂದ. ಮುಡಿದುಕೊಂಡು ಕೂತ."

ಇಂದುಧರ ಕೇಳುತ್ತಿದ್ದ.

"ಅಂಥ ಮುಖ ನಾನು ಆಮೇಲೆ ತೆಗೆದಿಲ್ಲ. ಆಗ ನನಗೆ ನಿನ್ನದೇ ವಯಸ್ಸು. ಈ ಬಾಗಿಲ ಪಕ್ಕ ಗಾಜಿನ ಷೋಕೇಸ್ ಇತ್ತು. ಪರೀಕ್ಷೆ ಹತ್ತಿರ ಬಂದಾಗ ಅದರಲ್ಲಿ ತೂಗುಹಾಕಿದೆ. ನನಗೆ ಚಂದ ಕಂಡದ್ದು ಊರಿಗೂ ಚಂದ ಕಾಣುತ್ತೆ ಅಂದುಕೊಂಡೆ."

"ಅವನು ಒಪ್ಪಿದ್ದನಾ?"

"ಕುಣಿದಾಡಿದ. ತಾನೇ ಬಂದು ಗಾಜು ಒರೆಸಿದ."

ಹೊರಗೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ಮೂರನೆಯ ದಿನ ಗಾಜಿಗೆ ಸಗಣಿ ಬಳಿದಿದ್ದರು. ನಾಲ್ಕನೆಯ ದಿನ ಅವನು ಬೆಳಗಿನ ಬಸ್ಸು ಹತ್ತಿ ಹೋದ. ಪರೀಕ್ಷೆಗೆ ಒಂಬತ್ತು ದಿನ ಇತ್ತು."

"ಎಲ್ಲಿಗೆ ಹೋದ?"

"ಗೊತ್ತಿದ್ದರೆ ನಾನು ಇಲ್ಲಿ ಯಾಕೆ ಕೂತಿರಲಿ?"

ಮಾಸ್ತರರು ಲಕೋಟೆಯ ಧೂಳು ಒರೆಸಿದರು.

"ಪೇಟೆಯಲ್ಲಿ ಒಳ್ಳೆಯ ಜಾಗ ಇದೆ, ಬನ್ನಿ ಅಂತ ಎಷ್ಟೋ ಜನ ಕರೆದರು. ಹೋಗಲಿಲ್ಲ. ಅವನು ಬಂದರೆ ಹುಡುಕೋ ಹಾಗೆ ಆಗಬಾರದು."

ಮಾಸ್ತರರು ಲಕೋಟೆಯನ್ನು ಮತ್ತೆ ತಳಕ್ಕೆ ಇಟ್ಟರು. ಅದರ ಮೇಲೆ ಉಳಿದ ಲಕೋಟೆಗಳನ್ನು ಒಂದೊಂದಾಗಿ ಜೋಡಿಸಿದರು. ಇಂದುಧರ ಸಹಾಯ ಮಾಡಲು ಹೋಗಲಿಲ್ಲ.

"ನೆಗೆಟಿವ್ ಅವಳದ್ದು," ಎಂದರು. "ಕೊಟ್ಟು ಬಾ."

ದುರುಗಪ್ಪನ ಮನೆ ಹರಿಗೋಲು ಕಟ್ಟುವ ಜಾಗದ ಪಕ್ಕದಲ್ಲೇ. ದುರುಗಪ್ಪ ಅಂಗಳದಲ್ಲಿ ಹರಿಗೋಲನ್ನು ಬೋರಲು ಹಾಕಿ, ಅದರ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಇಂದುಧರನನ್ನು ಕಂಡು ಕೈ ನಿಲ್ಲಿಸಿದ. ಮತ್ತೆ ಬಳಿಯತೊಡಗಿದ.

"ಬಾ ತಮ್ಮಾ. ಕೂಡು."

ಇಂದುಧರ ಕೂಡಲಿಲ್ಲ. ಹೊಡೆಯುತ್ತಾನೆಂದು ಎಣಿಸಿ ಬಂದಿದ್ದ. ಹೊಡೆಯಲಿ ಎಂದೂ ಬಯಸಿದ್ದ.

"ನಾನು ಕ್ಷಮೆ ಕೇಳೋಕೆ ಬಂದೆ."

"ನನ್ನ ಹತ್ರ ಏನು ಕೇಳ್ತಿ? ನಾನು ಮಾತಾಡ್ಸಿದ್ರೂ ಅವಳು ಸರಿಯಾಗಿ ಮಾತಾಡವಲ್ಲಳು."

"ನೀವು ಅವಳನ್ನ ಕಾಲೇಜು ಬಿಡಿಸಿದಿರಾ?"

ದುರುಗಪ್ಪ ತಲೆಯೆತ್ತಿದ.

"ನಾನಾ? ಮೂರು ವರ್ಷದ ಕೂಸಿದ್ದಾಗ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿ ಈ ನೀರಿಗೆ ಬಿಟ್ಟೋನು ನಾನು. ನಮ್ಮ ಮಂದಿ ಬೈದ್ರು, ಹೆಣ್ಣು ಮಗೀಗೆ ಯಾಕೆ ಅಂತ. ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗಲೂ ದಿನಾ ಹೇಳ್ತೀನಿ. ಹೋಗವ್ವಾ, ಕಾಲೇಜಿಗೆ ಹೋಗು. ಕಾಲೇಜು ಬ್ಯಾಡಾದ್ರೆ ನೀರಿಗಾದ್ರೂ ಹೋಗು. ಹೋಗವಲ್ಲಳು."

ಡಾಂಬರಿನ ಕುಂಚ ಅವನ ಕೈಯಲ್ಲೇ ಒಣಗುತ್ತಿತ್ತು.

"ನನ್ನ ಮಗಳು ಮೆಲ್ಲಗೆ ಮಾತಾಡೋದು ಕಲಿತಾಳ, ತಮ್ಮಾ. ಹದಿನೇಳು ವರ್ಷದಾಗೆ ಒಂದಿನ ಮೆಲ್ಲಗೆ ಮಾತಾಡಿದೋಳಲ್ಲ."

ಆ ಹೊತ್ತಿಗೆ ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ತಲೆ ಬಾಚಿದ್ದಳು, ಜಡೆ ಬಿಗಿಯಾಗಿ ಹೆಣೆದಿದ್ದಳು. ಎರಡೂ ಕೈಗಳನ್ನು ದುಪಟ್ಟಾದೊಳಗೆ ಸುತ್ತಿಕೊಂಡಿದ್ದಳು.

ಇಂದುಧರ ಲಕೋಟೆ ಚಾಚಿದ.

"ಇದರಲ್ಲಿ ನೆಗೆಟಿವ್ ಇದೆ. ಇರೋದು ಇದೊಂದೇ. ಇದು ನಿನ್ನದು. ಏನು ಬೇಕಾದರೂ ಮಾಡು."

ಅವಳು ಒಂದು ಕೈ ಹೊರಗೆ ತೆಗೆದು ತೆಗೆದುಕೊಂಡಳು. ನೆಗೆಟಿವ್ ಎಳೆದು ಬೆಳಕಿಗೆ ಹಿಡಿದಳು.

"ಆಕಾಶ ಕಪ್ಪಗೈತೆ."

"ನೆಗೆಟಿವಲ್ಲಿ ಹಾಗೇ."

"ಎಲ್ಲರ ಫೋನಲ್ಲೂ ಐತಲ್ಲ ಇಂದಣ್ಣಾ. ಇದೊಂದು ನನ್ನ ಹತ್ರ ಇದ್ರೆ ಏನಾಯ್ತು?"

ಅವಳು ನೆಗೆಟಿವನ್ನು ಇನ್ನೂ ಬೆಳಕಿಗೇ ಹಿಡಿದಿದ್ದಳು.

"ಅವತ್ತು ನಾನು ಹಾರಿದ ಮೇಲೆ ಏನಾಯ್ತು, ನೆನಪೈತಾ?"

"ಇದೆ. ನೀರಿಗೆ ಬಿದ್ದೆ. ಮುಳುಗಿ ಎದ್ದೆ. ಆಚೆ ದಡದವರೆಗೂ ಈಜಿಕೊಂಡು ಹೋಗಿ ಕಲ್ಲಿನ ಮೇಲೆ ಕೂತೆ. ಅಲ್ಲಿಂದ ನನಗೆ ಕೈ ಬೀಸಿದೆ."

"ಅದು ನಿಮಗೊಬ್ಬರಿಗೇ ಗೊತ್ತು." ಅವಳು ನೆಗೆಟಿವನ್ನು ಲಕೋಟೆಯೊಳಗೆ ಸೇರಿಸಿದಳು. "ಉಳಿದೋರಿಗೆ ನಾನು ಇನ್ನೂ ಬಿದ್ದೇ ಇಲ್ಲ. ಇನ್ನೂ ಗಾಳಿಯಾಗೇ ಇದ್ದೀನಿ. ಎಲ್ಲರೂ ತಲೆ ಎತ್ತಿ ನೋಡ್ತಾರೆ, ಇಳಿಯಕ್ಕೆ ಬಿಡಲ್ಲ."

"ಪರೀಕ್ಷೆಗಾದರೂ ಬಾ ಕಸ್ತೂರಿ. ಗೇಟಿನವರೆಗೆ ನಾನು ಜೊತೆಗೆ ಬರ್ತೀನಿ."

"ನೀವು ಬಂದ್ರೆ ಇನ್ನೂ ಜೋರಾಗಿ ಕೂಗ್ತಾರೆ. 'ಫೋಟೋದವನನ್ನೂ ಕರಕೊಂಡು ಬಂದಳು' ಅಂತಾರೆ."

ಅದು ನಿಜವೆಂದು ಅವನಿಗೆ ಗೊತ್ತಿತ್ತು.

"ನಿಮ್ಮ ಮೇಲೆ ಸಿಟ್ಟಿಲ್ಲ," ಎಂದಳು. "ಸಿಟ್ಟು ಬಂದ್ರೆ ಕೂಗಬೇಕಾಗತೈತೆ."

ಬಾಗಿಲು ಮುಚ್ಚಿತು. ಲಕೋಟೆ ಅವಳ ಕೈಯಲ್ಲೇ ಉಳಿಯಿತು.

ಮಾರ್ಚ್ ಬಂತು. ಪರೀಕ್ಷೆಯ ದಿನ ಬೆಳಿಗ್ಗೆ ಕಾಲೇಜಿನ ಮಕ್ಕಳು ನದಿಯ ದಾರಿಯಲ್ಲೇ ಗುಂಪು ಗುಂಪಾಗಿ ಹೋದರು. ಕೈಯಲ್ಲಿ ಹಾಲ್ ಟಿಕೆಟ್, ಬಾಯಲ್ಲಿ ಸೂತ್ರಗಳು. ಹಾಲ್ ಟಿಕೆಟ್ಟುಗಳ ಮೇಲೆಲ್ಲ ಆ ಸ್ಟುಡಿಯೋದಲ್ಲಿ ತೆಗೆದ ಮುಖಗಳು.

ಇಂದುಧರ ಹೊಸ್ತಿಲಲ್ಲಿ ನಿಂತು ಪ್ರತಿಯೊಬ್ಬರ ಮುಖ ನೋಡಿದ. ಗುಂಪುಗಳು ಮುಗಿದವು. ಒಬ್ಬ ಹುಡುಗ ತಡವಾಗಿ ಓಡುತ್ತ ಹೋದ. ಆಮೇಲೆ ದಾರಿ ಖಾಲಿಯಾಯಿತು.

ದೂರದಲ್ಲಿ ಕಾಲೇಜಿನ ಗಂಟೆ ಹೊಡೆಯಿತು.

ಅವನು ಇನ್ನೂ ಸ್ವಲ್ಪ ಹೊತ್ತು ನಿಂತ. ಮತ್ತೆ ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಕೊಟ್ಟಿದ್ದರು.

ಒಳಗೆ ಬಂದು ಕೊರಳಿನ ಕ್ಯಾಮೆರಾ ತೆಗೆದು ಮಾಸ್ತರರ ಮುಂದಿಟ್ಟ.

"ಬರಲಿಲ್ಲ," ಎಂದ.

"ನೋಡಿದೆ."

"ನಾನು ಇದನ್ನ ಇನ್ನು ಮುಟ್ಟಲಾ, ಬೇಡವಾ?"

"ಅದು ಆಮೇಲಿನ ಮಾತು."

"ಹಾಗಾದರೆ ಈಗಿನ ಮಾತು ಯಾವುದು ಮಾಸ್ತರೇ? ಪ್ರಶಸ್ತಿ ಬಿಟ್ಟೆ, ಆಗಲಿಲ್ಲ. ಕ್ಷಮೆ ಕೇಳಿದೆ, ಆಗಲಿಲ್ಲ. ಪತ್ರಿಕೆಯವರಿಗೆ ಬರೆದೆ, ಕಾಲೇಜಿನವರ ಕಾಲು ಹಿಡಿದೆ, ಆ ಹುಡುಗರ ಮನೆಗಳಿಗೂ ಹೋಗಿ ಬಂದೆ. ಯಾವುದರಿಂದಲೂ ಆಗಲಿಲ್ಲ."

ಮಾಸ್ತರರು ಕ್ಯಾಮೆರಾದ ಪಟ್ಟಿಯನ್ನು ಸುತ್ತಿ ಸುತ್ತಿ ಮಡಚಿದರು. ಗೂಡಿನಲ್ಲಿಟ್ಟರು.

"ಅವಳು ಎಲ್ಲಿದ್ದೀನಿ ಅಂದಳು?"

"ಗಾಳಿಯಲ್ಲಿ. ಇನ್ನೂ ಬಿದ್ದೇ ಇಲ್ಲ ಅಂದಳು."

ಮಾಸ್ತರರು ಬಾಗಿಲಾಚೆ ನದಿಯ ಕಡೆ ನೋಡಿದರು. ಮಂಟಪದ ಮೇಲೆ ಬಿಸಿಲು ಬಿದ್ದಿತ್ತು. ನೀರಿನಲ್ಲಿ ಯಾರೂ ಇರಲಿಲ್ಲ.

"ಹಾಗಾದರೆ ಅವಳು ಇಳಿಯೋವರೆಗೆ ಕೆಳಗೆ ನಿಂತಿರು," ಎಂದರು. "ಕೈಯಲ್ಲಿ ಏನೂ ಹಿಡಿಯಬೇಡ."